ಬಾಸೆಮ್ ಯೂಸುಫ್‌ರ 'ಅಲ್-ಬರ್ನಾಮೆಗ್': ಮೂರು ಚಾನೆಲ್, ಮೂರು ಆಡಳಿತ. ನಿಲ್ಲಿಸಿದ್ದು ಯಾರು, ಹೇಗೆ?

ನೈಲ್ ದಂಡೆ:

2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಟಿವಿ ನಿರೂಪಕ ಪಿಯರ್ಸ್ ಮಾರ್ಗನ್ ಜೊತೆ ಗಾಜಾ ಬಗ್ಗೆ ನಡೆದ ಆ ಸಂದರ್ಶನದ ತುಣುಕುಗಳು ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಓಡಾಡಿದವು. ಅಂದಿನಿಂದ ಕನ್ನಡದ ಓದುಗರಲ್ಲಿ ಬಹಳ ಮಂದಿಗೆ ಬಾಸೆಮ್ ಯೂಸುಫ್ ಅಂದರೆ 'ಆ ಸಂದರ್ಶನದಲ್ಲಿ ಮಾತಾಡಿದವರು' ಅಂತ ಅಷ್ಟೇ ಗೊತ್ತು. ಅದಕ್ಕೂ ಹತ್ತು ವರ್ಷ ಹಿಂದೆ ಅವರು ಈಜಿಪ್ಟಿನ ಟಿವಿಯಲ್ಲಿ ಮಾಡಿದ ಕೆಲಸದ ಬಗ್ಗೆ ಕನ್ನಡದಲ್ಲಿ ವಿವರವಾಗಿ ಒಂದೆಡೆ ಸೇರಲಿ ಅಂತ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಹಿನ್ನೆಲೆ ಚಿಕ್ಕದಾಗಿ. ಹುಟ್ಟಿದ್ದು 1974ರ ಮಾರ್ಚ್‌ನಲ್ಲಿ, ಕೈರೋದಲ್ಲಿ. ಕೈರೋ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ ಹೃದಯ ಶಸ್ತ್ರಚಿಕಿತ್ಸಕರಾದವರು. 2011ರ ಜನವರಿ 25ರಿಂದ ಫೆಬ್ರವರಿ 11ರ ತನಕ ಕೈರೋದ ತಹ್ರೀರ್ ಚೌಕದಲ್ಲಿ ಆಗಿನ ಅಧ್ಯಕ್ಷ ಮುಬಾರಕ್ ವಿರುದ್ಧ ಜನ ಸೇರಿದಾಗ ಅಲ್ಲಿ ಗಾಯಾಳುಗಳ ಆರೈಕೆ ಮಾಡಿದರು. ಅಮೆರಿಕದ ಕ್ಲೀವ್‌ಲ್ಯಾಂಡಿಗೆ ಕೆಲಸಕ್ಕೆ ಹೊರಡುವ ತಯಾರಿ ನಡೆದಿತ್ತು. ಅಷ್ಟರಲ್ಲಿ ಮಾರ್ಚ್‌ನಲ್ಲಿ ಯೂಟ್ಯೂಬಿಗೆ ಕೆಲವೇ ನಿಮಿಷಗಳ ವಿಡಿಯೋಗಳನ್ನು ಹಾಕತೊಡಗಿದರು. ಹೆಸರು 'ಬಿ ಪ್ಲಸ್ ಶೋ', ಅವರ ರಕ್ತದ ಗುಂಪಿನ ಹೆಸರು. ಮೊದಲ ಮೂರು ತಿಂಗಳಲ್ಲಿ 50 ಲಕ್ಷಕ್ಕೂ ಮಿಕ್ಕಿ ವೀಕ್ಷಣೆ ಬಂತು.

ಅಲ್ಲಿಂದ ಅದು 'ಅಲ್-ಬರ್ನಾಮೆಗ್' ಎಂಬ ರಾಜಕೀಯ ವ್ಯಂಗ್ಯದ ಟಿವಿ ಕಾರ್ಯಕ್ರಮವಾಯಿತು. ಚಾನೆಲ್‌ಗಳ ದಾರಿ ಹೀಗೆ: 2011ರ ರಂಜಾನ್‌ನಿಂದ ಒಎನ್‌ಟಿವಿ, 2012ರ ನವೆಂಬರ್‌ನಿಂದ ಸಿಬಿಸಿ, 2014ರ ಫೆಬ್ರವರಿಯಿಂದ ಎಂಬಿಸಿ ಮಿಸ್ರ್. ಇತ್ತ ಆಡಳಿತವೂ ಮೂರು ಬಾರಿ ಬದಲಾಯಿತು: ಸೇನಾ ಮಂಡಳಿ, ಚುನಾವಣೆಯಲ್ಲಿ ಗೆದ್ದ ಅಧ್ಯಕ್ಷ ಮುರ್ಸಿ, ಮುರ್ಸಿಯನ್ನು ಇಳಿಸಿದ ಮೇಲೆ ಸೇನಾ ಮುಖ್ಯಸ್ಥ ಸಿಸಿ ನೆರಳಿನ ಮಧ್ಯಂತರ ಸರ್ಕಾರ. 2014ರ ಜೂನ್ 2ಕ್ಕೆ ಕಾರ್ಯಕ್ರಮ ಮುಗಿಯಿತು.

ನನ್ನ ಪ್ರಶ್ನೆ: ಬಂಧನದ ಆದೇಶ ಹೊರಟಾಗಲೂ ನಿಲ್ಲದ ಕಾರ್ಯಕ್ರಮ, ಚಾನೆಲ್ಲಿನ ಒಂದು ಪ್ರಕಟಣೆಗೆ ನಿಂತುಹೋಯಿತಲ್ಲ, ಅದು ಹೇಗಾಯಿತು? ಗೊತ್ತಿರುವವರು ದಯವಿಟ್ಟು ಬಿಡಿಸಿ ಬರೆಯಿರಿ.

ಕತ್ತರಿ ಮೇಜು:

ನಿಲ್ಲಿಸಿದ್ದು ಹೇಗೆ ಅನ್ನುವುದಕ್ಕೆ ಮೊದಲು, ನಡೆಸುತ್ತಿದ್ದದ್ದು ಹೇಗೆ ಅನ್ನುವುದನ್ನು ನೋಡಬೇಕು. ಉತ್ತರ ಅರ್ಧ ಅಲ್ಲೇ ಇದೆ.

ಮೊದಲ ವಿಡಿಯೋಗಳ ಸೆಟ್ಟು ಅವರ ಮನೆಯ ಬಟ್ಟೆ ಒಗೆಯುವ ಕೋಣೆ. ಒಂದು ಮೇಜು, ಒಂದು ಕುರ್ಚಿ, ಒಂದು ಕ್ಯಾಮೆರಾ, ಹಿಂದಿನ ಗೋಡೆಗೆ ಅಂಟಿಸಿದ ತಹ್ರೀರ್ ಚೌಕದ ಫೋಟೋಗಳು. ಖರ್ಚು ಸುಮಾರು 100 ಡಾಲರ್. ಇಷ್ಟಕ್ಕೆ ಅಷ್ಟು ಜನ ನೋಡಿದ್ದು ಯಾಕೆ? ಕಚ್ಚಾ ಸಾಮಗ್ರಿಯನ್ನು ಸರ್ಕಾರಿ ಟಿವಿಯೇ ಪುಕ್ಕಟೆ ಕೊಟ್ಟಿತ್ತು. ಚೌಕದಲ್ಲಿ ಜನಸಾಗರ ಇದ್ದಾಗ ಆ ಚಾನೆಲ್ ತೋರಿಸುತ್ತಿದ್ದದ್ದು ನೈಲ್ ನದಿಯ ಮೇಲಿನ ಖಾಲಿ ಸೇತುವೆ. ಚೌಕದಲ್ಲಿ ಕೂತವರಿಗೆ ವಿದೇಶಿಯರು ಕೆಎಫ್‌ಸಿ ಊಟ ಹಂಚುತ್ತಿದ್ದಾರೆ ಅಂತ ಹೇಳಿದವರಿದ್ದರು. ಅಲ್ಲಿ ಮಾದಕ ವಸ್ತು, ಅನೈತಿಕತೆ ನಡೆದಿದೆ ಅಂದ ಸಿನಿಮಾ ನಟರಿದ್ದರು. ಮುಬಾರಕ್ ಇಳಿದ ಮರುದಿನವೇ ಹಲವರು ಮಾತು ಹೊರಳಿಸಿದರು. ಹಳೆಯ ಮಾತು, ಹೊಸ ಮಾತು ಎರಡನ್ನೂ ಅಕ್ಕಪಕ್ಕ ಇಟ್ಟರೆ ಸಾಕಾಗಿತ್ತು.

ಈ ವಿಧಾನದ ಜೀವ ಇರುವುದು ದಾಖಲೆಯಲ್ಲಿ, ಜೋಕಿನ ಸರದಿ ಆಮೇಲೆ. ಇಂಥ ಕಾರ್ಯಕ್ರಮದಲ್ಲಿ ಪ್ರತಿ ಕ್ಲಿಪ್ಪಿಗೂ ಒಂದು ಸಾಲು ದಾಖಲೆ ಇರಬೇಕು: ಚಾನೆಲ್, ಕಾರ್ಯಕ್ರಮ, ಪ್ರಸಾರದ ತಾರೀಖು, ನಿಮಿಷ-ಸೆಕೆಂಡು, ಮಾತಾಡಿದವರು, ಮೊದಲ ಮತ್ತು ಕೊನೆಯ ಪದ. ತಾರೀಖು ತಪ್ಪಿದರೆ ಇಡೀ ವ್ಯಂಗ್ಯ ಕುಸಿಯುತ್ತದೆ, ಯಾಕೆಂದರೆ 'ಆಗ ಹೀಗಂದರು, ಈಗ ಹೀಗಂದರು' ಅನ್ನುವುದೇ ಅಲ್ಲಿನ ವಾದ. ಕ್ಲಿಪ್ಪಿನ ಉದ್ದ 6ರಿಂದ 12 ಸೆಕೆಂಡ್ ಇದ್ದರೆ ಚೆಂದ. 20 ದಾಟಿದರೆ ಸಭಾಂಗಣ ತಣ್ಣಗಾಗುತ್ತದೆ. ಮಾತು ಶುರುವಾಗುವ ಮುಂಚಿನ ಒಂದು ಉಸಿರು, ಮುಗಿದ ಮೇಲಿನ ಒಂದು ಉಸಿರು ಬಿಟ್ಟು ಕತ್ತರಿಸಬೇಕು. ವಾಕ್ಯದ ಮಧ್ಯೆ ಕತ್ತರಿ ಬಿದ್ದರೆ ನೋಡುವವರಿಗೇ ಅನುಮಾನ ಬರುತ್ತದೆ, ಎದುರಿನ ವಕೀಲರಿಗಂತೂ ಅದು ಹಬ್ಬ.

ಜೋಡಿಸುವ ಕ್ರಮದಲ್ಲಿ ಹೊಸಬರು ಎಡವುವುದು ಹೆಚ್ಚು. ಹಳೆಯ ಕ್ಲಿಪ್ ಮೊದಲು, ಹೊಸದು ಆಮೇಲೆ ಅಂತ ಕಾಲಾನುಕ್ರಮದಲ್ಲಿ ಹಾಕಿಬಿಡುತ್ತಾರೆ. ಹಾಗೆ ಮಾಡಿದರೆ ಅದು ವರದಿಯಾಗುತ್ತದೆ. ಜನಕ್ಕೆ ಈ ವಾರ ಕೇಳಿ ಗೊತ್ತಿರುವ ಹೊಸ ಮಾತು ಮೊದಲು ಬರಬೇಕು. ನಿರೂಪಕ ಅದನ್ನು ಮನಸಾರೆ ಒಪ್ಪಿದಂತೆ ತಲೆಯಾಡಿಸಬೇಕು. ಅದರ ಮೇಲೆ ಹಳೆಯ ಕ್ಲಿಪ್, ಆಮೇಲೆ ಎರಡು ಸೆಕೆಂಡ್ ಮೌನ. ಬಾಸೆಮ್ ಆ ಎರಡು ಸೆಕೆಂಡಿನಲ್ಲಿ ಕ್ಯಾಮೆರಾ ಕಡೆ ಹುಬ್ಬೆತ್ತಿ ನೋಡುತ್ತಾರಲ್ಲ, ನಗು ಏಳುವುದು ಅಲ್ಲಿ.

ಇನ್ನೊಂದು ಸಣ್ಣ ಸಂಗತಿ, ಆದರೆ ದೊಡ್ಡ ತೊಂದರೆ: ಧ್ವನಿಯ ಮಟ್ಟ. ಉಪಗ್ರಹ ಚಾನೆಲ್, ಮೊಬೈಲ್ ವಿಡಿಯೋ, ಹಳೆಯ ಟೇಪು ಒಂದೊಂದರ ಮಟ್ಟ ಒಂದೊಂದು ಥರ. ಎಲ್ಲವನ್ನೂ ಒಂದೇ ಅಳತೆಗೆ ತರಬೇಕು (ಯುರೋಪಿನ ಪ್ರಸಾರ ಮಾನದಂಡದಲ್ಲಿ ಮೈನಸ್ 23 ಎಲ್‌ಯುಎಫ್‌ಎಸ್; ಅದು ಕಿವಿಗೆ ಕೇಳುವ ಜೋರಿನ ಅಳತೆ). ಕ್ಲಿಪ್ಪಿನ ಮಾತು ನಿರೂಪಕನ ದನಿಗಿಂತ ತಗ್ಗಿದರೆ ಜನ ಕಿವಿಗೊಟ್ಟು ಕೇಳುವುದರಲ್ಲೇ ಇರುತ್ತಾರೆ, ನಗುವುದಿಲ್ಲ.

ಮಂಡ್ಯ ರಸ್ತೆ:

ಇದು ಅಮೆರಿಕದ ವ್ಯಂಗ್ಯಕಾರ ಜಾನ್ ಸ್ಟೀವರ್ಟ್ ಅವರ ಟಿವಿ ಕಾರ್ಯಕ್ರಮ 'ಡೈಲಿ ಶೋ' ನಕಲು ಅಂತ ಎಲ್ಲ ಕಡೆ ಓದಿದ್ದೇನೆ. ನಕಲೇ ಆದರೆ ಇಷ್ಟು ದೊಡ್ಡ ಚರ್ಚೆ ಯಾಕೆ?

ಅರಬ್ಬಿ ಅಕ್ಷರ:

ಚೌಕಟ್ಟು ಅಲ್ಲಿಂದಲೇ ಬಂದದ್ದು, ಅದನ್ನು ಬಾಸೆಮ್ ಎಂದೂ ಮುಚ್ಚಿಟ್ಟಿಲ್ಲ. 2012ರ ಜೂನ್‌ನಲ್ಲಿ ಸ್ಟೀವರ್ಟ್ ಅವರ ಕಾರ್ಯಕ್ರಮಕ್ಕೆ ಅತಿಥಿಯಾಗಿ ಹೋಗಿದ್ದರು. ಮರು ವರ್ಷ ಜೂನ್‌ನಲ್ಲಿ ಸ್ಟೀವರ್ಟ್ ಕೈರೋಗೆ ಬಂದರು, ವೇದಿಕೆಗೆ ಅವರನ್ನು ತಲೆಗೆ ಕಪ್ಪು ಚೀಲ ಹಾಕಿ ವಿದೇಶಿ ಗೂಢಚಾರನ ಹಾಗೆ ಕರೆತಂದಿದ್ದರು. ಆದರೆ ಚೌಕಟ್ಟು ಒಂದೇ ಆದ ಮಾತ್ರಕ್ಕೆ ಕೆಲಸ ಒಂದೇ ಆಗುವುದಿಲ್ಲ.

ಮೊದಲನೆಯದು ಹುಡುಕಾಟ. ಅಮೆರಿಕದ ಸುದ್ದಿ ಚಾನೆಲ್‌ಗಳಲ್ಲಿ ಮಾತಿನ ಅಡಿಬರಹ ಇರುತ್ತದೆ. ರೆಕಾರ್ಡ್ ಮಾಡಿಟ್ಟ ಸಾವಿರಾರು ಗಂಟೆಗಳಲ್ಲಿ ಒಂದು ಪದ ಟೈಪು ಮಾಡಿದರೆ ಆ ಪದ ಬಂದ ಜಾಗಗಳೆಲ್ಲ ಸಿಗುತ್ತವೆ. ಅರಬ್ಬಿ ಚಾನೆಲ್‌ಗಳಲ್ಲಿ ಅಂಥ ಅನುಕೂಲ ಇರಲಿಲ್ಲ. ಯಾರಾದರೂ ಕೂತು ಕಣ್ಣಾರೆ ನೋಡಿ, ಕಿವಿಯಾರೆ ಕೇಳಿ, ಬರೆದಿಟ್ಟುಕೊಳ್ಳಲೇಬೇಕು.

ಎರಡನೆಯದು ಭಾಷೆ. ಅರಬ್ಬಿಯಲ್ಲಿ ಸುದ್ದಿ ಓದುವುದು ಗ್ರಾಂಥಿಕದಲ್ಲಿ, ಜನ ಮಾತಾಡುವುದು ಆಡುಮಾತಿನಲ್ಲಿ. ಎರಡರ ನಡುವಿನ ಅಂತರ ನಮ್ಮ ಶಾಸನದ ಕನ್ನಡಕ್ಕೂ ಸಂತೆಯ ಕನ್ನಡಕ್ಕೂ ಇರುವಷ್ಟು. ಬಾಸೆಮ್ ಕೈರೋದ ಆಡುಮಾತಿನಲ್ಲೇ ರಾಜಕೀಯ ಮಾತಾಡಿದರು. ಈಜಿಪ್ಟಿನ ಸಿನಿಮಾದಿಂದಾಗಿ ಆ ಆಡುಮಾತು ಮೊರಾಕ್ಕೊದಿಂದ ಇರಾಕ್ ತನಕ ಅರ್ಥವಾಗುತ್ತದೆ. ಕಾರ್ಯಕ್ರಮದ ಹೆಸರನ್ನೇ ನೋಡಿ: 'ಬರ್ನಾಮಜ್' ಅಂದರೆ 'ಕಾರ್ಯಕ್ರಮ'. ಕೈರೋದವರು 'ಜ'ಕಾರವನ್ನು 'ಗ' ಅನ್ನುತ್ತಾರೆ, ಹಾಗಾಗಿ 'ಬರ್ನಾಮೆಗ್'. ಹೆಸರಿನಲ್ಲೇ ಊರಿನ ನಾಲಿಗೆ ಇದೆ.

ಮೂರನೆಯದು ಪ್ರೇಕ್ಷಕರು. ಒಎನ್‌ಟಿವಿಯ ಮೊದಲ ಸೀಸನ್ನಿನಲ್ಲಿ 104 ಕಂತು, ಎಲ್ಲ ಸ್ಟುಡಿಯೋ ಒಳಗೆ. ಸಿಬಿಸಿಗೆ ಹೋದ ಮೇಲೆ ಕೈರೋ ನಡುಪೇಟೆಯ ಹಳೆಯ ರೇಡಿಯೋ ಥಿಯೇಟರಿನಲ್ಲಿ ಜನರನ್ನು ಕೂರಿಸಿ ಚಿತ್ರೀಕರಿಸಿದರು. ಅರಬ್ ಜಗತ್ತಿನಲ್ಲಿ ರಾಷ್ಟ್ರಾಧ್ಯಕ್ಷರ ಬಗ್ಗೆ ಒಬ್ಬ ಮಾತಾಡುವುದು, ಮುಂದೆ ಕೂತ ನೂರಾರು ಜನ ಗಟ್ಟಿಯಾಗಿ ನಗುವುದು, ಅದನ್ನು ಟಿವಿಯಲ್ಲಿ ದೇಶವೆಲ್ಲ ನೋಡುವುದು ಆಗ ಹೊಸದು. ಸ್ಟೀವರ್ಟ್‌ಗೆ ಆ ನಗು ಮಾಮೂಲಿ, ಕೈರೋದಲ್ಲಿ ಆ ನಗುವೇ ಸುದ್ದಿ.

ಕಾನೂನು ಕಟ್ಟೆ:

ಈಗ ಮುರ್ಸಿ ಕಾಲದ ಪ್ರಕರಣಕ್ಕೆ ಬರೋಣ. ತಾರೀಖುಗಳನ್ನು ಜೋಡಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ.

2012ರ ನವೆಂಬರ್ 22ಕ್ಕೆ ಮುರ್ಸಿ ಸಾಂವಿಧಾನಿಕ ಘೋಷಣೆ ಹೊರಡಿಸಿ ತಮ್ಮ ತೀರ್ಮಾನಗಳನ್ನು ನ್ಯಾಯಾಲಯ ಮುಟ್ಟದಂತೆ ಮಾಡಿಕೊಂಡರು. ಮರುದಿನ, ನವೆಂಬರ್ 23ರ ಶುಕ್ರವಾರ, ಸಿಬಿಸಿಯಲ್ಲಿ ಬಾಸೆಮ್ ಅವರ ಮೊದಲ ಕಂತು. ಅದರಲ್ಲಿ ಅವರು ತಮಾಷೆ ಮಾಡಿದವರಲ್ಲಿ ಸಿಬಿಸಿಯ ಸ್ವಂತ ನಿರೂಪಕರೂ ಇದ್ದರು. ಅದರ ಮುಂದಿನ ಕಂತನ್ನು ಚಾನೆಲ್ ತಡೆಹಿಡಿಯಿತು! ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮುರ್ಸಿಯ ಚಿತ್ರ ಇರುವ ದಿಂಬನ್ನು ಅಪ್ಪಿಕೊಂಡು ಮಾಡಿದ ಅಣಕಕ್ಕೆ 2013ರ ಜನವರಿಯಲ್ಲಿ ದೂರು ಬಂತು. ಈಜಿಪ್ಟಿನಲ್ಲಿ ಯಾವ ನಾಗರಿಕನಾದರೂ ಪ್ರಾಸಿಕ್ಯೂಟರ್ ಕಚೇರಿಗೆ 'ಬಲಾಗ್' ಅಂದರೆ ದೂರುಪತ್ರ ಕೊಡಬಹುದು. ಅಧ್ಯಕ್ಷರೇ ದೂರು ಕೊಡಬೇಕಾಗಿಲ್ಲ. ಮುಂದೆ ಬರುವ ತೊಂದರೆಗಳಲ್ಲಿ ಬಹುಪಾಲು ಈ ಬಾಗಿಲಿನಿಂದಲೇ ಬಂದವು. ಮಾರ್ಚ್ 30ಕ್ಕೆ ಬಂಧನದ ಆದೇಶ ಹೊರಟಿತು. ಆರೋಪ: ಅಧ್ಯಕ್ಷರಿಗೆ ಅವಮಾನ, ಇಸ್ಲಾಮಿಗೆ ಅವಮಾನ, ಸಾರ್ವಜನಿಕ ಶಾಂತಿ ಕದಡುವ ಸುಳ್ಳು ಸುದ್ದಿ.

ಮಾರ್ಚ್ 31ಕ್ಕೆ ಬಾಸೆಮ್ ತಾವಾಗಿಯೇ ಪ್ರಾಸಿಕ್ಯೂಟರ್ ಕಚೇರಿಗೆ ಹೋದರು. ತಲೆ ಮೇಲೆ ಒಂದು ದೈತ್ಯ ಟೋಪಿ. ಅದೇ ತಿಂಗಳು ಇಸ್ಲಾಮಾಬಾದಿನಲ್ಲಿ ಗೌರವ ಡಾಕ್ಟರೇಟ್ ಪಡೆಯುವಾಗ ಮುರ್ಸಿ ಹಾಕಿಕೊಂಡಿದ್ದ ಟೋಪಿಯ ಹಿಗ್ಗಿಸಿದ ನಮೂನೆ ಅದು. ಗಂಟೆಗಟ್ಟಲೆ ವಿಚಾರಣೆ ಆಯಿತು. ಒಳಗಿನಿಂದಲೇ ಟ್ವೀಟ್ ಮಾಡುತ್ತಿದ್ದರು. 15,000 ಈಜಿಪ್ಟ್ ಪೌಂಡ್ ಜಾಮೀನಿನ ಮೇಲೆ ಬಿಟ್ಟರು. ಮರುದಿನ ಅಮೆರಿಕದಲ್ಲಿ ಸ್ಟೀವರ್ಟ್ ಇದೇ ವಿಷಯ ಎತ್ತಿಕೊಂಡರು. ಆ ವಿಡಿಯೋದ ಕೊಂಡಿಯನ್ನು ಕೈರೋದ ಅಮೆರಿಕ ರಾಯಭಾರ ಕಚೇರಿ ಟ್ವಿಟರಿನಲ್ಲಿ ಹಂಚಿತು, ಅಧ್ಯಕ್ಷರ ಕಚೇರಿ ಅಲ್ಲೇ ಪ್ರತಿಭಟಿಸಿತು. ಏಪ್ರಿಲ್ 6ಕ್ಕೆ, ಕಾರ್ಯಕ್ರಮ ನಿಷೇಧಿಸಬೇಕೆಂದು ಒಬ್ಬ ವಕೀಲರು ಹಾಕಿದ್ದ ಅರ್ಜಿಯನ್ನು ಆಡಳಿತ ನ್ಯಾಯಾಲಯ ತಳ್ಳಿಹಾಕಿತು.

ಎಲ್ಲರೂ ಟೋಪಿಯ ಬಗ್ಗೆ ಬರೆಯುತ್ತಾರೆ. ಅದೇ ಏಪ್ರಿಲ್ ಮೊದಲ ವಾರದಲ್ಲಿ ಇನ್ನೊಂದು ಕಾಗದ ಹೋಯಿತು, ನನ್ನ ಮಟ್ಟಿಗೆ ಅದೇ ಮುಖ್ಯ. ಈಜಿಪ್ಟಿನ ಖಾಸಗಿ ಉಪಗ್ರಹ ಚಾನೆಲ್‌ಗಳು ಕೈರೋ ಹೊರಗಿನ ಅಕ್ಟೋಬರ್ 6 ನಗರದ ಮಾಧ್ಯಮ ಮುಕ್ತ ವಲಯದಲ್ಲಿ ಕೂತು ನಡೆಯುತ್ತವೆ. ಅವಕ್ಕೆ ಆಗ ಪರವಾನಗಿ ಕೊಡುತ್ತಿದ್ದದ್ದು ಸರ್ಕಾರದ ಹೂಡಿಕೆ ಪ್ರಾಧಿಕಾರ. ಆ ಪ್ರಾಧಿಕಾರ ಸಿಬಿಸಿಗೆ ಎಚ್ಚರಿಕೆ ಪತ್ರ ಕಳಿಸಿತು: ಈ ಕಾರ್ಯಕ್ರಮ ಹೀಗೇ ಮುಂದುವರಿದರೆ ಚಾನೆಲ್ಲಿನ ಪರವಾನಗಿಗೇ ಕುತ್ತು. ಬಾಸೆಮ್ ಅವರನ್ನು ಎಷ್ಟು ಸಲ ವಿಚಾರಣೆಗೆ ಕರೆದರೂ ಒಡೆಯನಿಗೆ ನಷ್ಟವಿಲ್ಲ, ನೋಡುಗರು ಹೆಚ್ಚುತ್ತಾರೆ. ಪರವಾನಗಿ ಹೋದರೆ ಒಡೆಯನ ಬಂಡವಾಳವೇ ಹೋಗುತ್ತದೆ.

ಒಪ್ಪದವ:

ನೀವೆಲ್ಲ ಒಬ್ಬರನ್ನು ವೀರನನ್ನಾಗಿ ಮಾಡುತ್ತಿದ್ದೀರಿ, ನನಗೆ ಮೂರು ಆಕ್ಷೇಪಗಳಿವೆ.

ಮುರ್ಸಿ ಚುನಾವಣೆಯಲ್ಲಿ ಗೆದ್ದು ಬಂದವರು. ವಾರ ವಾರ ಅವರನ್ನು ನಗೆಪಾಟಲು ಮಾಡಿದ್ದರಿಂದ ಅವರನ್ನು ಇಳಿಸಿದ 2013ರ ಜುಲೈ 3ರ ಸೇನಾ ಹಸ್ತಕ್ಷೇಪಕ್ಕೆ ನೆಲ ಹದವಾಯಿತು. ಎರಡನೆಯದು, 2013ರ ಆಗಸ್ಟ್ 14ಕ್ಕೆ ಕೈರೋದ ರಾಬಾ ಚೌಕದಲ್ಲಿ ಮುರ್ಸಿ ಬೆಂಬಲಿಗರ ಧರಣಿಯನ್ನು ಭದ್ರತಾ ಪಡೆಗಳು ಚದುರಿಸಿದಾಗ ಕನಿಷ್ಠ 817 ಜನ ಸತ್ತರು ಅಂತ ಹ್ಯೂಮನ್ ರೈಟ್ಸ್ ವಾಚ್ ವರದಿ ಹೇಳುತ್ತದೆ. ಆಗ ಕಾರ್ಯಕ್ರಮ ಪ್ರಸಾರದಲ್ಲೇ ಇರಲಿಲ್ಲ. ಮೂರನೆಯದು, 2014ರ ಮಾರ್ಚ್‌ನಲ್ಲಿ 'ಅಲ್-ಶುರೂಕ್' ಪತ್ರಿಕೆಯಲ್ಲಿ ಉಕ್ರೇನ್ ಬಗ್ಗೆ ಅವರು ಬರೆದ ಅಂಕಣ ಇನ್ನೊಬ್ಬ ಪತ್ರಕರ್ತರ ಇಂಗ್ಲಿಷ್ ಲೇಖನದಿಂದ ಎತ್ತಿದ್ದು. ಬೇರೆಯವರ ಮಾತಿಗೆ ತಾರೀಖು ಹಿಡಿದು ಪ್ರಶ್ನಿಸುವವರು ಇದನ್ನು ಮಾಡಬಾರದಿತ್ತು.

ನೈಲ್ ದಂಡೆ:

ಮೂರನೆಯದು ಸತ್ಯ, ಅದಕ್ಕೆ ಸಮರ್ಥನೆ ಇಲ್ಲ. ಅವರು ಬಹಿರಂಗವಾಗಿ ಕ್ಷಮೆ ಕೇಳಿ ಅಂಕಣ ಬರೆಯುವುದನ್ನು ನಿಲ್ಲಿಸಿದರು.

ಮೊದಲನೆಯದನ್ನು ಒಪ್ಪಲಾರೆ. ಅಧಿಕಾರದಲ್ಲಿ ಯಾರಿದ್ದಾರೋ ಅವರನ್ನು ಪ್ರಶ್ನಿಸುವುದೇ ವ್ಯಂಗ್ಯಕಾರನ ಕೆಲಸ. ಗೆದ್ದು ಬಂದವರಿಗೆ ವಿನಾಯಿತಿ ಕೊಟ್ಟರೆ ಉಳಿಯುವುದು ಸೋತವರನ್ನು ಆಡಿಕೊಳ್ಳುವುದು ಮಾತ್ರ. ಸೇನೆ ಬಂದದ್ದು ಲಕ್ಷಾಂತರ ಜನ ಬೀದಿಗಿಳಿದ ಮೇಲೆ, ಸೇನೆಯದೇ ಲೆಕ್ಕಾಚಾರದಿಂದ. ಒಂದು ಟಿವಿ ಕಾರ್ಯಕ್ರಮಕ್ಕೆ ಅಷ್ಟು ಬಲ ಇದ್ದಿದ್ದರೆ ಮರುವರ್ಷ ಅದು ತನ್ನನ್ನೇ ಉಳಿಸಿಕೊಳ್ಳುತ್ತಿತ್ತು.

ಎರಡನೆಯದರಲ್ಲಿ ನಿಮ್ಮ ನೋವು ಅರ್ಥವಾಗುತ್ತದೆ. ಒಂದು ವಿಷಯ ಸೇರಿಸುತ್ತೇನೆ: 2013ರ ಜುಲೈ ಮಧ್ಯದಲ್ಲೇ, ಎಲ್ಲರೂ ಗೆಲುವಿನ ಅಮಲಿನಲ್ಲಿದ್ದಾಗ, ತಮ್ಮದೇ ಪಾಳಯದ ಉದಾರವಾದಿಗಳಲ್ಲಿ ಫ್ಯಾಸಿಸಂ ತಲೆಯೆತ್ತಿದೆ ಅಂತ ಅವರು ಅಂಕಣ ಬರೆದರು. ಅದಕ್ಕೆ ಬೈಗುಳವೂ ಸಾಕಷ್ಟು ಬಂತು.

ಕತ್ತರಿ ಮೇಜು:

ಒಪ್ಪದವ ಅವರೇ, ನಿಮ್ಮ ಮಾತಿಗೆ ಸಂಬಂಧಿಸಿದ ಒಂದು ಕಸುಬಿನ ಸಂಗತಿ ಹೇಳಬೇಕು. ಯಾರೂ ಇದನ್ನು ಗಮನಿಸುವುದಿಲ್ಲ.

ಮುರ್ಸಿ ಕಾಲದಲ್ಲಿ ಬಾಸೆಮ್ ಅವರ ಕ್ಲಿಪ್ಪುಗಳು ಹೆಚ್ಚಾಗಿ ಬರುತ್ತಿದ್ದದ್ದು ಅಲ್-ನಾಸ್, ಅಲ್-ಹಾಫಿಜ್‌ನಂಥ ಧಾರ್ಮಿಕ ಚಾನೆಲ್‌ಗಳಿಂದ. ಅಲ್ಲಿನ ಶೇಖ್‌ಗಳು ಗಂಟೆಗಟ್ಟಲೆ ತಡೆಯಿಲ್ಲದೆ ಮಾತಾಡುತ್ತಿದ್ದರು. ಜುಲೈ 3ರ ರಾತ್ರಿ, ಮುರ್ಸಿಯನ್ನು ಇಳಿಸಿದ ಕೆಲವೇ ಗಂಟೆಗಳಲ್ಲಿ, ಆ ಚಾನೆಲ್‌ಗಳನ್ನು ಸೇನೆ ಬಂದ್ ಮಾಡಿಸಿತು. ಉಳಿದ ಖಾಸಗಿ ಚಾನೆಲ್‌ಗಳೆಲ್ಲ ಒಂದೇ ರಾಗ ಹಾಡತೊಡಗಿದವು. ಕ್ಲಿಪ್ ಜೋಡಿಸಿ ವ್ಯಂಗ್ಯ ಮಾಡಲು ಎರಡು ದನಿ ಬೇಕು, ಒಂದು ಹೇಳಿದ್ದಕ್ಕೆ ಇನ್ನೊಂದು ಎದುರು ನಿಲ್ಲಬೇಕು. ಒಂದೇ ದನಿ ಉಳಿದಾಗ ಆ ದನಿಯನ್ನೇ ಅಣಕಿಸಬೇಕು, ಮತ್ತು ಆ ದನಿ ನಿಮ್ಮದೇ ಚಾನೆಲ್ಲಿನದ್ದು.

2013ರ ಅಕ್ಟೋಬರ್ 25ಕ್ಕೆ ಮೂರನೇ ಸೀಸನ್ ಶುರುವಾದಾಗ ಅವರು ಮಾಡಿದ್ದು ಅದನ್ನೇ. ಆಗ ಕೈರೋದಲ್ಲಿ ಸಿಸಿ ಮುಖ ಅಚ್ಚೊತ್ತಿದ ಚಾಕೊಲೇಟ್ ಮಾರಾಟಕ್ಕಿತ್ತು. ಬಾಸೆಮ್ ಬೇಕರಿಯ ಒಂದು ಪ್ರಹಸನ ಮಾಡಿದರು: ಸಿಸಿ ಮುಖದ ತಿನಿಸು ಸ್ವಲ್ಪವೇ ಕೊಂಡರೆ ಅಂಗಡಿಯವನು ಅನುಮಾನದಿಂದ ನೋಡುತ್ತಾನೆ, ಗಿರಾಕಿ ಹೆದರಿ ಎಲ್ಲವನ್ನೂ ಕೊಳ್ಳುತ್ತಾನೆ. ಸಿಸಿ ಬಗ್ಗೆ ಒಂದು ಮಾತೂ ಕೆಟ್ಟದ್ದಿಲ್ಲ. ಸಿಸಿಯನ್ನು ಹೊಗಳುವವರ ಭಯ ಅಷ್ಟೇ ಕಾಣಿಸುತ್ತದೆ. ಆ ಸೀಸನ್ನಿನಲ್ಲಿ ಇದಕ್ಕಿಂತ ಗಟ್ಟಿಯಾದ ಕೆಲಸ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಮಂಡ್ಯ ರಸ್ತೆ:

ಸರಿ, ಆಮೇಲೆ ಸಿಬಿಸಿ ನಿಲ್ಲಿಸಿದ್ದು ಹೇಗೆ? ಪೊಲೀಸರು ಬಂದರಾ?

ಕಾನೂನು ಕಟ್ಟೆ:

ಯಾರೂ ಬರಲಿಲ್ಲ ಸರ್. ಇಲ್ಲಿ ವಾರದ ವೇಳಾಪಟ್ಟಿ ಗಮನಿಸಿ. ಕಾರ್ಯಕ್ರಮದ ಚಿತ್ರೀಕರಣ ಬುಧವಾರ, ಪ್ರಸಾರ ಶುಕ್ರವಾರ ರಾತ್ರಿ. ನಡುವೆ ಎರಡು ದಿನ. ಸಂಕಲನಕ್ಕೆ ಆ ಎರಡು ದಿನ ಬೇಕೇ ಬೇಕು, ಆದರೆ ಅದೇ ಎರಡು ದಿನದಲ್ಲಿ ಚಾನೆಲ್ಲಿನವರು ಕಂತನ್ನು ನೋಡಬಹುದು, ಫೋನು ಬರಬಹುದು, ತೀರ್ಮಾನ ಬದಲಾಗಬಹುದು.

ಅಕ್ಟೋಬರ್ 25ರ ಕಂತಿನ ಬೆನ್ನಿಗೇ ಸಿಬಿಸಿ ತಾನು ಕಾರ್ಯಕ್ರಮದ ಅಭಿಪ್ರಾಯಗಳಿಂದ ದೂರ ಅಂತ ಪ್ರಕಟಣೆ ಹೊರಡಿಸಿತು. ಪ್ರಾಸಿಕ್ಯೂಟರ್‌ಗೆ ಹೊಸ ದೂರುಗಳು ಹೋದವು. 30ನೇ ತಾರೀಖು ಬುಧವಾರ ಎರಡನೇ ಕಂತಿನ ಚಿತ್ರೀಕರಣ ಆಯಿತು, ಥಿಯೇಟರಿನ ಹೊರಗೆ ಪ್ರತಿಭಟನೆ ಇತ್ತು, ಒಳಗೆ ಕೂತವರು ಪೂರ್ತಿ ನೋಡಿದರು. ನವೆಂಬರ್ 1, ಶುಕ್ರವಾರ, ಪ್ರಸಾರಕ್ಕೆ ಸ್ವಲ್ಪ ಮೊದಲು ಚಾನೆಲ್ಲಿನಿಂದ ಹೇಳಿಕೆ ಬಂತು: ಸಂಪಾದಕೀಯ ನೀತಿ ಮತ್ತು ಒಪ್ಪಂದದ ಉಲ್ಲಂಘನೆ, ಕಾರ್ಯಕ್ರಮ ಸ್ಥಗಿತ.

ಬಂಧನದ ಆದೇಶಕ್ಕೆ ಹೋಲಿಸಿ ನೋಡಿ. ಅಲ್ಲಿ ಆರೋಪಿ ಇದ್ದ, ಕಲಮು ಇತ್ತು, ಜಾಮೀನು ಇತ್ತು, ಜಗತ್ತಿಗೆ ತೋರಿಸಲು ಒಂದು ಟೋಪಿಯೂ ಇತ್ತು. ಇಲ್ಲಿ ಇದ್ದದ್ದು ಒಂದು ವಾಣಿಜ್ಯ ಒಪ್ಪಂದ. ಸರ್ಕಾರ ನಿಲ್ಲಿಸಿತು ಅಂತ ಯಾರೂ ಹೇಳುವ ಹಾಗಿಲ್ಲ.

ಆ ಒಪ್ಪಂದವೇ ಮುಂದೆ ಉರುಳಾಯಿತು. ಸಿಬಿಸಿಯೊಂದಿಗಿನ ಜಗಳ ಮಧ್ಯಸ್ಥಿಕೆಗೆ ಹೋಗಿ, ಬಾಸೆಮ್ ಮತ್ತು ನಿರ್ಮಾಣ ಸಂಸ್ಥೆ ಕ್ಯೂಸಾಫ್ಟ್ ಸೇರಿ 10 ಕೋಟಿ ಈಜಿಪ್ಟ್ ಪೌಂಡ್ ಕೊಡಬೇಕು ಅಂತ ತೀರ್ಪು ಬಂತು, ಆಗಿನ ದರದಲ್ಲಿ ಸುಮಾರು 1.4 ಕೋಟಿ ಡಾಲರ್. ನಿಲ್ಲಿಸಿದ್ದು ಚಾನೆಲ್, ದಂಡ ಕಟ್ಟಬೇಕಾದವರು ನಿಂತುಹೋದವರು! 2014ರ ನವೆಂಬರ್‌ನಲ್ಲಿ ಬಾಸೆಮ್ ದೇಶ ಬಿಟ್ಟರು.

ಅರಬ್ಬಿ ಅಕ್ಷರ:

ಎಂಬಿಸಿ ಮಿಸ್ರ್ ಅಧ್ಯಾಯ ಬಿಟ್ಟುಹೋಗಬಾರದು. ಅದು ಸೌದಿ ಒಡೆತನದ ಚಾನೆಲ್. 2014ರ ಫೆಬ್ರವರಿ 7ಕ್ಕೆ ಮೊದಲ ಕಂತು. ಸಿಸಿ ಬಗ್ಗೆ ಮಾತಾಡಲೇಬಾರದು ಅಂತ ನಿರ್ಧರಿಸಿದವರಂತೆ ಶುರು ಮಾಡಿ, ಯಾವ ಚಾನೆಲ್ ಹಾಕಿದರೂ ಯಾವ ವಿಷಯ ಎತ್ತಿದರೂ ಸಿಸಿಯೇ ಬರುವುದನ್ನು ತೋರಿಸಿದರು. ಆ ತಿಂಗಳುಗಳಲ್ಲಿ ಕಾರ್ಯಕ್ರಮದ ಹೊತ್ತಿಗೆ ಸರಿಯಾಗಿ ಚಾನೆಲ್ಲಿನ ಉಪಗ್ರಹ ಸಂಕೇತಕ್ಕೆ ಅಡ್ಡಿಪಡಿಸಿದ್ದೂ ಉಂಟು.

ವೈದ್ಯರಾಗಿದ್ದದ್ದು ಪೂರ್ತಿ ಉಪಯೋಗಕ್ಕೆ ಬಂದದ್ದು ಇಲ್ಲಿ. ಫೆಬ್ರವರಿ ಕೊನೆಯ ವಾರದಲ್ಲಿ ಸೇನೆ ಒಂದು ಪತ್ರಿಕಾಗೋಷ್ಠಿ ನಡೆಸಿ, ಏಡ್ಸ್ ಮತ್ತು ಹೆಪಟೈಟಿಸ್ ಸಿ ಎರಡನ್ನೂ ಪತ್ತೆ ಮಾಡುವ, ಗುಣಪಡಿಸುವ ಯಂತ್ರಗಳನ್ನು ಕಂಡುಹಿಡಿದಿದ್ದೇವೆ ಅಂತ ಘೋಷಿಸಿತು. ಪತ್ತೆ ಯಂತ್ರ ಅಂದರೆ ಕೈಹಿಡಿಯ ತುದಿಗೆ ಆ್ಯಂಟೆನಾ ಇದ್ದ ಒಂದು ಸಾಧನ, ರೋಗಿಯ ಕಡೆ ತಾನಾಗಿ ತಿರುಗುತ್ತದಂತೆ. ರೋಗಿಯ ಏಡ್ಸನ್ನು ತೆಗೆದು ಕೋಫ್ತಾ ಮಾಡಿ ಅವನಿಗೇ ತಿನ್ನಿಸುತ್ತೇವೆ ಎಂಬರ್ಥದ ಮಾತನ್ನು ಅದರ ರೂವಾರಿ ಆಡಿದರು, ಅಂದಿನಿಂದ ಜನ ಅದನ್ನು 'ಕೋಫ್ತಾ ಯಂತ್ರ' ಅಂತಲೇ ಕರೆದರು. ಜೂನ್ 30ರಿಂದ ಚಿಕಿತ್ಸೆ ಶುರು ಅಂತ ತಾರೀಖೂ ಕೊಟ್ಟಿದ್ದರು.

ಇದು ಬರೀ ನಗುವ ವಿಷಯ ಆಗಿರಲಿಲ್ಲ. ಹೆಪಟೈಟಿಸ್ ಸಿ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿದ್ದ ದೇಶಗಳಲ್ಲಿ ಈಜಿಪ್ಟ್ ಒಂದು. ದಶಕಗಳ ಹಿಂದೆ ಬಸವನಹುಳುವಿನಿಂದ ಹರಡುವ ಪರೋಪಜೀವಿ ರೋಗದ ವಿರುದ್ಧ ಸರ್ಕಾರವೇ ನಡೆಸಿದ ಚುಚ್ಚುಮದ್ದು ಅಭಿಯಾನದಲ್ಲಿ ಸೂಜಿಗಳನ್ನು ಸರಿಯಾಗಿ ಶುದ್ಧಗೊಳಿಸದೆ ಮತ್ತೆ ಮತ್ತೆ ಬಳಸಿದ್ದರಿಂದ ಸೋಂಕು ಹಳ್ಳಿ ಹಳ್ಳಿಗೆ ಹೋಗಿತ್ತು. ಆ ರೋಗಿಗಳು ನಿಜವಾದ ಔಷಧಿಗೆ ಕಾಯುತ್ತಿದ್ದರು. ಹಾಗಾಗಿ ಬಾಸೆಮ್ ಇದನ್ನು ಒಂದು ಕಂತಿಗೆ ಬಿಡಲಿಲ್ಲ, ಮತ್ತೆ ಮತ್ತೆ ಎತ್ತಿಕೊಂಡರು.

ಏಪ್ರಿಲ್ ಕೊನೆಗೆ, ಅಧ್ಯಕ್ಷ ಚುನಾವಣೆಯ ಕಾರಣ ಕೊಟ್ಟು ಎಂಬಿಸಿ ಕಾರ್ಯಕ್ರಮಕ್ಕೆ ವಿರಾಮ ಹಾಕಿತು. ಮತ್ತೆ ಶುರುವಾಗಲೇ ಇಲ್ಲ. ಜೂನ್ 2ಕ್ಕೆ ಪತ್ರಿಕಾಗೋಷ್ಠಿ ಕರೆದು ಬಾಸೆಮ್ ಮುಕ್ತಾಯ ಹೇಳಿದರು: ಈಗಿನ ವಾತಾವರಣ ವ್ಯಂಗ್ಯಕ್ಕೆ ತಕ್ಕುದಲ್ಲ, ತನ್ನ ಮತ್ತು ಮನೆಯವರ ಸುರಕ್ಷತೆಗೆ ಹೆದರಿ ಸಾಕಾಗಿದೆ ಅಂತ ಅವರ ಮಾತಿನ ಸಾರ. ಮರುದಿನ ಸಿಸಿ ಗೆಲುವಿನ ಅಧಿಕೃತ ಘೋಷಣೆ ಆಯಿತು, 96.9 ಶೇಕಡಾ ಮತ.

ಶಿರಸಿ ದಾರಿ:

ತುಂಬಾ ಕಲಿತೆ, ಎಲ್ಲರಿಗೂ ಧನ್ಯವಾದ. ಇದೇ ಕ್ಲಿಪ್ ಜೋಡಣೆ ವಿಧಾನವನ್ನು ಕನ್ನಡದಲ್ಲಿ ಮಾಡಹೊರಟರೆ ಕಾನೂನು ಏನು ಹೇಳುತ್ತದೆ?

ಕಾನೂನು ಕಟ್ಟೆ:

ಮೇಡಂ/ಸರ್, ಮೂರು ಬೇರೆ ಬೇರೆ ಬಾಗಿಲುಗಳಿವೆ, ಒಂದನ್ನು ಇನ್ನೊಂದರ ಜೊತೆ ಬೆರೆಸಬೇಡಿ.

ಹಕ್ಕುಸ್ವಾಮ್ಯ: 1957ರ ಕಾಯ್ದೆಯ 52ನೇ ಕಲಮಿನಲ್ಲಿ ವಿಮರ್ಶೆ, ಪ್ರಚಲಿತ ಘಟನೆಗಳ ವರದಿ ಇವಕ್ಕೆ ನ್ಯಾಯಯುತ ಬಳಕೆಯ ಅವಕಾಶ ಇದೆ. ಇಂತಿಷ್ಟು ಸೆಕೆಂಡ್ ಬಳಸಬಹುದು ಅಂತ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಹತ್ತು ಸೆಕೆಂಡ್ ತನಕ ಪರವಾಗಿಲ್ಲ ಅನ್ನುವುದು ಬರೀ ಬಾಯಿಮಾತು. ಕ್ಲಿಪ್ಪಿನ ಮೇಲೆ ನಿಮ್ಮ ಮಾತು, ಟೀಕೆ ಇದೆಯೇ ಅನ್ನುವುದು ಮುಖ್ಯ.

ಮಾನಹಾನಿ: ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು, ಹಿಂದಿನ ಐಪಿಸಿ 499 ಮತ್ತು 500. ಸಾರ್ವಜನಿಕ ಹುದ್ದೆಯಲ್ಲಿರುವವರ ನಡತೆ ಬಗ್ಗೆ ಸದ್ಭಾವದ ಅಭಿಪ್ರಾಯಕ್ಕೆ ವಿನಾಯಿತಿ ಇದೆ. ಆದರೆ ವಿನಾಯಿತಿ ಇದೆ ಅಂತ ಸಾಬೀತು ಮಾಡುವ ಹೊಣೆ ಆರೋಪಿಯದು.

ಟಿವಿಯಲ್ಲಿ ಹಾಕುವುದಾದರೆ 1994ರ ಕೇಬಲ್ ಟಿವಿ ನಿಯಮಗಳ 6ನೇ ನಿಯಮ, ಅಂದರೆ ಕಾರ್ಯಕ್ರಮ ಸಂಹಿತೆ. ಅದರಲ್ಲಿ ಸೂಚ್ಯವಾದ ವ್ಯಂಗ್ಯೋಕ್ತಿ, ಅರ್ಧಸತ್ಯ ಇವೆರಡಕ್ಕೂ ತಡೆ ಇದೆ. ವ್ಯಕ್ತಿಯನ್ನು ನಿಂದಿಸುವುದಕ್ಕೂ ತಡೆ ಇದೆ. ವ್ಯಂಗ್ಯ ಅನ್ನುವುದೇ ಸೂಚ್ಯ ಮಾತು. ಆ ಪದಗಳನ್ನು ಅಕ್ಷರಶಃ ಹಿಡಿದರೆ ಯಾವ ಕಂತೂ ಉಳಿಯದು. ನಮ್ಮಲ್ಲಿ ಈ ಬಗೆಯ ಕೆಲಸ ಯೂಟ್ಯೂಬಿಗೆ ಸರಿದದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಭಾವನೆ.

ಕತ್ತರಿ ಮೇಜು:

ಯೂಟ್ಯೂಬಿನಲ್ಲೂ ನಿಲ್ಲಿಸುವ ಗುಂಡಿ ಇನ್ನೊಬ್ಬರ ಕೈಯಲ್ಲೇ ಇದೆ. ಚಾನೆಲ್‌ಗಳು ತಮ್ಮ ದೃಶ್ಯಗಳನ್ನು ಕಂಟೆಂಟ್ ಐಡಿಯಲ್ಲಿ (ಬೇರೆಯವರ ದೃಶ್ಯ ಬಳಸಿದ್ದನ್ನು ಗುರುತಿಸುವ ಯೂಟ್ಯೂಬಿನ ವ್ಯವಸ್ಥೆ) ದಾಖಲಿಸಿರುತ್ತವೆ, ಯಂತ್ರ ತಾನಾಗಿ ಹಿಡಿಯುತ್ತದೆ. ಅದು ಬರೀ ಹಕ್ಕೊತ್ತಾಯ ಆದರೆ ಜಾಹೀರಾತಿನ ಹಣ ಅವರಿಗೆ ಹೋಗಬಹುದು, ಅಥವಾ ವಿಡಿಯೋ ಕಾಣದಂತೆ ಆಗಬಹುದು. ತೆಗೆಸುವ ನೋಟಿಸೇ ಬಂದರೆ ಸ್ಟ್ರೈಕ್, ಅಂದರೆ ನಿಮ್ಮ ಚಾನೆಲ್ ಮೇಲೆ ಒಂದು ತಪ್ಪಿನ ಗುರುತು. ಒಂದು ಸ್ಟ್ರೈಕ್ 90 ದಿನ ಉಳಿಯುತ್ತದೆ, ಆ ಅವಧಿಯಲ್ಲಿ ಮೂರಾದರೆ ನಿಮ್ಮ ಚಾನೆಲ್ಲೇ ಹೋಗುತ್ತದೆ. ಎದುರು ನೋಟಿಸ್ ಕೊಟ್ಟರೆ ಅವರಿಗೆ 10 ಕೆಲಸದ ದಿನ ಸಮಯ, ಅಷ್ಟರಲ್ಲಿ ಕೋರ್ಟಿಗೆ ಹೋದ ಪುರಾವೆ ಕೊಡದಿದ್ದರೆ ವಿಡಿಯೋ ಮರಳುತ್ತದೆ. ಆದರೆ ರಾಜಕೀಯ ವ್ಯಂಗ್ಯಕ್ಕೆ ಎರಡು ವಾರ ಅಂದರೆ ವಿಷಯ ಹಳಸಿ ಹೋಗಿರುತ್ತದೆ.

ಹಾಗಾಗಿ ಮೂರು ಕೆಲಸ ತಪ್ಪಿಸಬೇಡಿ. ಮೂಲ ರೆಕಾರ್ಡಿಂಗ್ ಪೂರ್ತಿಯಾಗಿ ನಿಮ್ಮ ಬಳಿ ಇರಲಿ, ಕತ್ತರಿಸಿದ ತುಣುಕು ಮಾತ್ರ ಇದ್ದರೆ ಸಂದರ್ಭ ತಿರುಚಿದ್ದೀರಿ ಅಂದಾಗ ತೋರಿಸಲು ಏನೂ ಇರುವುದಿಲ್ಲ. ಕ್ಲಿಪ್ಪಿನಲ್ಲಿ ಹಿನ್ನೆಲೆ ಸಂಗೀತ ಇದ್ದರೆ ಅದಕ್ಕೆ ಬೇರೆಯವರ ಹಕ್ಕೊತ್ತಾಯವೂ ಬರುತ್ತದೆ, ಅಂಥ ಭಾಗ ಬಿಡಿ. ಕ್ಲಿಪ್ಪಿನ ಮೂಲೆಯಲ್ಲಿ ಚಾನೆಲ್ ಹೆಸರು, ತಾರೀಖು ಬರೆಯಿರಿ. ಕನ್ನಡ ಸುದ್ದಿ ಚಾನೆಲ್‌ಗಳಲ್ಲೂ ಮಾತಿನ ಅಡಿಬರಹ ಇಲ್ಲದ್ದರಿಂದ, ದಾಖಲೆ ಪುಸ್ತಕವನ್ನು ದಿನಾ ಬರೆದರೆ ಮಾತ್ರ ಆರು ತಿಂಗಳ ನಂತರ ಬೇಕಾದ ಮಾತು ಸಿಗುತ್ತದೆ.

ಶಿರಸಿ ದಾರಿ:

ಅರಬ್ಬಿ ಬಾರದವರು ಯಾವ ಕಂತಿನಿಂದ ನೋಡಲು ಶುರು ಮಾಡಬೇಕು?

ನೈಲ್ ದಂಡೆ:

ಇಂಗ್ಲಿಷ್ ಅಡಿಬರಹ ಹಾಕಿದ ತುಣುಕುಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ಮೊದಲು ಬಟ್ಟೆ ಒಗೆಯುವ ಕೋಣೆಯ ಒಂದೆರಡು ವಿಡಿಯೋ ನೋಡಿ, ಗೋಡೆಯ ಫೋಟೋಗಳನ್ನು ಗಮನಿಸಿ. ಆಮೇಲೆ ಸ್ಟೀವರ್ಟ್ ಬಂದ 2013ರ ಜೂನ್ ಕಂತು, ಅರ್ಧ ಇಂಗ್ಲಿಷಿನಲ್ಲೇ ಇದೆ, ಕೈರೋದ ಸಭಾಂಗಣದ ನಗು ಕಿವಿಗೆ ಸಿಗುತ್ತದೆ. ಅದಾದ ಮೇಲೆ ಅಕ್ಟೋಬರ್ 25ರ ಕಂತು. ಎರಡರ ನಡುವೆ ನಾಲ್ಕೇ ತಿಂಗಳು. ಎರಡನೆಯದರಲ್ಲಿ ಜನ ನಗುವ ಮೊದಲು ಒಂದು ಕ್ಷಣ ತಡೆಯುವುದನ್ನು ಕೇಳಿಸಿಕೊಳ್ಳಿ.

ಒಪ್ಪದವ ಅವರಿಗೆ ಒಂದು ಮಾಹಿತಿ: ಆ ಕೋಫ್ತಾ ಯಂತ್ರದ ಚಿಕಿತ್ಸೆಯನ್ನು ಜೂನ್ 28ಕ್ಕೆ, ಅಂದರೆ ಕೊಟ್ಟ ತಾರೀಖಿಗೆ ಎರಡು ದಿನ ಮುಂಚೆ, ಸೇನೆ ಮುಂದೂಡಿತು. ಅಷ್ಟರಲ್ಲಿ ಕಾರ್ಯಕ್ರಮ ನಿಂತು 26 ದಿನ ಆಗಿತ್ತು.